ನಿಮ್ಮ ಮನಿ ದೇವ್ರು ಯಾವ್ದು?

ನಮ್ಮ ಕಡೆ ಅಪರಿಚಿತರಿಬ್ಬರು ಬಸ್ಸಿನಲ್ಲಿ ಪಕ್ಕಪಕ್ಕ ಕೂತರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಅಡ್ಡಹೆಸರು. ಅದೂ ಮುಗಿದರೆ ‘ನಿಮ್ಮ ಮನಿ ದೇವ್ರು ಯಾವ್ದ್ರಿ?’ ಅಂತ. ದೇವರನ್ನು ನಂಬುತ್ತೀರಾ ಎಂದು ಯಾರೂ ಕೇಳುವುದಿಲ್ಲ. ನಂಬದವನಿಗೂ ಮನೆದೇವರು ಇದ್ದೇ ಇರುತ್ತದೆ, ಊರು ಬಿಟ್ಟು ಮುಂಬೈ ಸೇರಿದವನ ಹೆಸರೂ ಹೊಲದ ಸಾತಬಾರಾ ಉತಾರದಲ್ಲಿ ಉಳಿದಿರುವ ಹಾಗೆ.

‘ನೀನು ಏನನ್ನು ನಂಬುತ್ತೀಯಾ?’ ಎಂದು ನನ್ನನ್ನು ಮೊಟ್ಟಮೊದಲು ಕೇಳಿದವನು ಸಾಂಗಲಿಯ ಹಾಸ್ಟೆಲಿನ ರೂಮ್‌ಮೇಟು. ಪುಣೆಯವನು, ಮರಾಠಿಯಲ್ಲಿ ಕೇಳಿದ. ಏನು ಹೇಳಬೇಕೋ ತಿಳಿಯದೆ ‘ನಮ್ಮದು ಗುಡ್ಡಾಪುರದ ದಾನಮ್ಮ’ ಅಂದೆ. ‘ಅದಲ್ಲೋ, ನೀನು, ನೀನು’ ಎಂದು ನಕ್ಕ. ನಾನೊಬ್ಬನೇ ಬೇರೆಯಾಗಿ ಏನನ್ನಾದರೂ ನಂಬಿಕೊಂಡಿರಬೇಕು ಎಂಬುದೇ ನನಗೆ ಹೊಸದು. ನಮ್ಮ ಮನೆಯಲ್ಲಿ ಅಜ್ಜ ಅಂದರೆ ಮುತ್ಯಾನದೊಂದು, ಅಜ್ಜಿ ಅಂದರೆ ಆಯಿಯದೊಂದು, ಅಪ್ಪನದೊಂದು ಇತ್ತು. ನನ್ನ ಪಾಲಿಗೆ ಇನ್ನೊಂದು ಉಳಿದಿರಬಹುದು ಎಂದು ಅಲ್ಲಿಯವರೆಗೆ ಅನಿಸಿರಲಿಲ್ಲ.

ನಮ್ಮೂರು ಸಾಂಗಲಿ ಜಿಲ್ಲೆ, ಜತ್ತ ತಾಲ್ಲೂಕು, ಉಮದಿಯ ಆಸುಪಾಸು. 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಸೀಮೆ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರ, ಬಿಳೂರ ಈ ಕಡೆಯೆಲ್ಲ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ನಾನು ಓದಿದ್ದು ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕಗಳನ್ನು. ಬಾಜಾರಕ್ಕೆ, ಬೀಗರಿಗೆ ವಿಜಾಪುರ. ಸಹಿ-ಶಿಕ್ಕಾಕ್ಕೆ ಜತ್ತ, ಸಾಂಗಲಿ. ಮಳೆ ಮಾತ್ರ ಎರಡೂ ರಾಜ್ಯಗಳ ಲೆಕ್ಕಕ್ಕೆ ಸಿಗದ್ದು.

ಮುತ್ಯಾ ನಾಮ ತಗೊಂಡವನು. ಹಾಗೆಂದರೆ ಆ ಕಡೆಯವರಿಗೆ ಗೊತ್ತು: ಇಂಚಗೇರಿ ಮಠದವರು. ಬೆಳಗಿನ ಜಾವ ಎದ್ದು, ಕಂಬಳಿ ನಾಲ್ಕು ಮಡಿಕೆ ಮಾಡಿ ಹಾಸಿ, ಗೋಡೆಗೆ ಮುಖ ಮಾಡಿ ನೇಮಕ್ಕೆ ಕೂತುಬಿಡುತ್ತಿದ್ದ. ಗೋಡೆಯಲ್ಲಿ ಫೋಟೋ ಇಲ್ಲ, ಮುಂದೆ ದೀಪ ಇಲ್ಲ. ಎಮ್ಮೆ ಕೂಗಿದರೆ ಏಳುತ್ತಿದ್ದ, ಕೂಗದಿದ್ದರೆ ಇಲ್ಲ. ಯಾವ ನಾಮ ಎಂದು ಹೇಳುತ್ತಿರಲಿಲ್ಲ, ನಾವು ಕೇಳುವ ಹಾಗೂ ಇರಲಿಲ್ಲ. ರಾತ್ರಿ ಭಜನೆ, ಆಮೇಲೆ ದಾಸಬೋಧದ ಓದು. ಮರಾಠಿ ಪೋಥಿಯನ್ನು ಒಬ್ಬರು ಓದುವುದು, ಇನ್ನೊಬ್ಬರು ಕನ್ನಡದಲ್ಲಿ ಬಿಡಿಸಿ ಹೇಳುವುದು, ಉಳಿದವರು ತೂಕಡಿಸುವುದು.

ಈ ಪಂಥ ಶುರುವಾದದ್ದೇ ನಮ್ಮ ಮಗ್ಗುಲಲ್ಲಿ ಎಂಬ ಹೆಮ್ಮೆ ಊರಿಗಿತ್ತು. 1843ರಲ್ಲಿ ಉಮದಿಯಲ್ಲಿ ಹುಟ್ಟಿದ ವೆಂಕಟೇಶ ಖಂಡೇರಾವ ದೇಶಪಾಂಡೆ, ಮುಂದೆ ಭಾವೂಸಾಹೇಬ ಮಹಾರಾಜರು. ದೇಶಸ್ಥ ಬ್ರಾಹ್ಮಣ ಮನೆತನದವರು. ಅವರು ಗುರುವೆಂದು ಒಪ್ಪಿಕೊಂಡದ್ದು ನಿಂಬರ್ಗಿಯ ಲಿಂಗಾಯತ ಗೃಹಸ್ಥರೊಬ್ಬರನ್ನು, ನಿಂಬರ್ಗಿ ಮಹಾರಾಜರನ್ನು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. 1885ರಲ್ಲಿ ಗಡಿಯಾಚೆ ಇಂಚಗೇರಿಯಲ್ಲಿ ಮಠ ಕಟ್ಟಿದರು, 1914ರಲ್ಲಿ ಅಲ್ಲೇ ದೇಹ ಬಿಟ್ಟರು. ಸಂಸಾರ ಬಿಡಬೇಡ, ಹೊಲ ಬಿಡಬೇಡ, ಅಂಗಡಿ ಬಿಡಬೇಡ, ನಾಮ ಮಾತ್ರ ಬಿಡಬೇಡ. ಮುತ್ಯಾನ ಬಾಯಲ್ಲಿ ಪಂಥದ ಸಾರ ಇಷ್ಟೇ.

ಅವರ ಶಿಷ್ಯರಲ್ಲಿ ಸೊಲ್ಲಾಪುರ ಕಡೆಯ ಸಿದ್ಧರಾಮೇಶ್ವರ ಮಹಾರಾಜರು ವಿಜಾಪುರದಲ್ಲಿ ಒಂದು ಪೇಢಿಯ ಲೆಕ್ಕ ಬರೆಯುತ್ತಿದ್ದವರು. ಅವರ ಶಿಷ್ಯ ಮುಂಬೈಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ನಿಸರ್ಗದತ್ತ ಮಹಾರಾಜರು. 1973ರಲ್ಲಿ ಅವರ ಮಾತುಗಳ ಇಂಗ್ಲಿಷ್ ಪುಸ್ತಕ ‘ಐ ಆಮ್ ದ್ಯಾಟ್’ ಬಂದ ಮೇಲೆ ಯುರೋಪು-ಅಮೆರಿಕದವರು ಖೇತವಾಡಿಯ ಇಕ್ಕಟ್ಟಿನ ಅಟ್ಟ ಹತ್ತಿ ಕೂತು ‘ನಾನು ಯಾರು’ ಎಂದು ಕೇಳತೊಡಗಿದರು. ಅವರು ಹುಡುಕಿ ಬಂದ ನೀರಿನ ಮೂಲ ನಮ್ಮ ನೀರಿಲ್ಲದ ಉಮದಿ ಎಂದು ನಾನು ನೌಕರಿ ಮಾಡಿದ ಬ್ಯಾಂಕಿನ ಗೆಳೆಯರಿಗೆ ಹೇಳಿದರೆ ಈಗಲೂ ಒಪ್ಪುವುದಿಲ್ಲ.

ಸಿದ್ಧರಾಮೇಶ್ವರರು ಒಂದು ಭೇದ ಮಾಡುತ್ತಿದ್ದರು. ನಾಮ ಜಪಿಸುತ್ತ ದಿನಾ ಇಷ್ಟಿಷ್ಟೇ ಏರುವುದು ಇರುವೆಯ ದಾರಿ, ಪಿಪೀಲಿಕಾ ಮಾರ್ಗ. ವಿಚಾರದ ಬಲದಿಂದ ಒಮ್ಮೆಗೇ ಹಾರಿ ತುದಿಯ ಹಣ್ಣಿನ ಮೇಲೆ ಕೂರುವುದು ಹಕ್ಕಿಯ ದಾರಿ, ವಿಹಂಗಮ ಮಾರ್ಗ. ದೊಡ್ಡವನಾದ ಮೇಲೆ ಇದನ್ನು ಓದಿ ಬಂದು ಮುತ್ಯಾನಿಗೆ ಹೇಳಿದೆ. ಎಲೆ-ಅಡಿಕೆ ಮೆಲ್ಲುತ್ತ ಕೇಳಿಸಿಕೊಂಡ. ‘ಹಾರವ್ರು ಹಾರ್ಲಿ. ನನಗ ಹೊಲದಾಗ ಕೆಲ್ಸ ಐತಿ’ ಅಂದ.

1972ರ ಬರವನ್ನು ನಮ್ಮವರು ಇಂದಿಗೂ ‘ಬಹಾತ್ತರದ ಬರ’ ಅಂತಲೇ ಕರೆಯುವುದು. ಮಹಾರಾಷ್ಟ್ರದ ರೋಜಗಾರ ಹಮಿ ಕೆಲಸಗಳು ಹುಟ್ಟಿದ್ದು ಆ ಬರದಲ್ಲಿ. ಮುತ್ಯಾ, ಅವ್ವ, ಕಾಕಾ ರಸ್ತೆಗೆ ಖಡಿ ಒಡೆದರು. ನಮಗೆ ಸಾಲೆಯಲ್ಲಿ ಸುಕಡಿ ಸಿಗುತ್ತಿತ್ತು, ಮನೆಯಲ್ಲಿ ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ. ತಟ್ಟಿದರೆ ಅಂಚು ಬಿರಿಯುವ ಆ ಹಿಟ್ಟನ್ನು ಬೈಯುತ್ತಲೇ ಆಯಿ ರೊಟ್ಟಿ ಬಡಿಯುತ್ತಿದ್ದಳು.

ಆ ವರ್ಷ ಓಣಿಯ ಹುಡುಗರು ಗುರ್ಜಿ ಹೊತ್ತೆವು. ರೊಟ್ಟಿಯ ಹಂಚು ಬೋರಲು ಹಾಕಿ, ಅದರ ಮೇಲೆ ಸಗಣಿಯ ಗುಂಪಿ ಇಟ್ಟು, ಗರಿಕೆ ಚುಚ್ಚಿ, ಕುಂಕುಮ ಹಚ್ಚಿ, ಒಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆಯ ಮುಂದೆ ಹಾಡುತ್ತ ನಿಲ್ಲುವುದು. ಮನೆಯವರು ಹೊತ್ತವನ ಮೇಲೆ ನೀರು ಸುರಿಯಬೇಕು, ಅವನು ಗರಗರ ತಿರುಗಬೇಕು. ಜೋಳವೋ ಹಿಟ್ಟೋ ನೀಡಿ ಕಳಿಸುತ್ತಾರೆ. ನೀರೇ ಇಲ್ಲದ ವರ್ಷದಲ್ಲಿ ನೀರು ಸುರಿಯುವುದು ಹೇಗೆ? ಹೆಚ್ಚಿನವರು ವಾಟಿಯಲ್ಲಿ ತಂದು ಬೆರಳಿನಿಂದ ಚಿಮುಕಿಸಿದರು. ಒಂದು ದೊಡ್ಡ ಮನೆಯವರು ಬಾಗಿಲನ್ನೇ ತೆಗೆಯಲಿಲ್ಲ. ಆಯಿ ಮಾತ್ರ ಚರಿಗೆ ತುಂಬ ತಂದು, ಎರಡೂ ಕೈಯಿಂದ ಎತ್ತಿ, ಒಂದು ಹನಿ ಉಳಿಸದೆ ಸುರಿದಳು. ಆ ನೀರು ಹಳ್ಳದ ವರತಿಯದು. ಉಸುಕು ಕೆದರಿ, ತಳದಲ್ಲಿ ಒಸರುವುದನ್ನು ತೆಂಗಿನ ಚಿಪ್ಪಿನಿಂದ ಬಳಿದು ಕೊಡ ತುಂಬಿಸಲು ಅರ್ಧ ರಾತ್ರಿ ಬೇಕಾಗುತ್ತಿತ್ತು. ಗುರ್ಜಿ ಹೊತ್ತಿದ್ದವನು ನಾನೇ. ನೆತ್ತಿಯಿಂದ ಇಳಿದ ಸಗಣಿ ನೀರು ಬಾಯಿಗೆ ಬಂದಾಗ ಅದನ್ನೂ ನೆಕ್ಕಿದೆ, ಬಾಯಾರಿತ್ತು.

ಅದೇ ವಾರ ಊರ ಹಿರಿಯರು ಮುತ್ಯಾನ ಹತ್ತಿರ ಬಂದರು. ‘ನಿಮ್ಮ ಭಜನಿ ಮಂದಿ ಕೂಡಿ ಮಳಿಗಂತ ಒಂದು ನಾಮ ಸಪ್ತಾಹ ಮಾಡ್ರಿ.’ ಮುತ್ಯಾ ಒಲ್ಲೆ ಅಂದ. ‘ಮಳಿಗೆ ಗುರ್ಜಿ ಐತಲ್ಲ, ಅದನ್ನ ಹೊರ್ರಿ. ನಾಮ ಆ ಕೆಲ್ಸಕ್ಕಲ್ಲ.’ ಬಂದವರು ಎದ್ದು ಹೋದರು. ಆಯಿಗೆ ಸಿಟ್ಟು ನೆತ್ತಿಗೇರಿತು.

‘ಮಳಿಗಲ್ಲ ಅಂದ್ರ ಆ ನಾಮ ಮತ್ತ ಯಾತಕ್ಕ?’

‘ಮಳಿ ಬರದಿದ್ರೂ ಇರಾಕ.’

‘ಇರಾಕ ನೀರು ಬೇಕಲ್ಲ!’

ಇದಕ್ಕೆ ಮುತ್ಯಾನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಇನ್ನಷ್ಟು ಬೇಗ ಎದ್ದು ನೇಮ ಮುಗಿಸಿ, ಕೊಡ ಹಿಡಿದು ವರತಿಗೆ ತಾನೇ ಹೋದ. ಈ ಜಗಳದಲ್ಲಿ ಯಾರು ಗೆದ್ದರು ಎಂದು ಈಗಲೂ ನಿರ್ಧರಿಸಲಾರೆ. ಆದರೆ ಒಂದು ಮಾತು ಅಂದೇ ಮನಸ್ಸಿಗೆ ಹತ್ತಿತು. ಇಡೀ ಊರಿನಲ್ಲಿ ಎಲ್ಲರಿಗಿಂತ ಗಟ್ಟಿ ಭಕ್ತನಾಗಿದ್ದವನು ದೇವರಿಂದ ಏನನ್ನೂ ಕೇಳುತ್ತಿರಲಿಲ್ಲ. ಪವಾಡದ ಮಾತು ಬಂದರೆ ಎದ್ದು ಎಮ್ಮೆಗೆ ಮೇವು ಹಾಕಲು ಹೋಗುತ್ತಿದ್ದ.

ಆಯಿಯ ದಾರಿ ಬೇರೆ. ಅವಳು ಕೇಳುವವಳು, ಹರಕೆ ಹೊರುವವಳು, ಲೆಕ್ಕ ಚುಕ್ತಾ ಮಾಡುವವಳು. ಅವಳ ಮೊದಲ ಖಾತೆ ಗುಡ್ಡಾಪುರದ ದಾನಮ್ಮನ ಹತ್ತಿರ. ದಾನಮ್ಮ ನಮ್ಮ ತಾಲ್ಲೂಕಿನ ಉಮರಾಣಿಯಲ್ಲಿ ಲಿಂಗಮ್ಮ ಎಂಬ ಹೆಸರಿನಲ್ಲಿ ಹುಟ್ಟಿದ 12ನೇ ಶತಮಾನದ ಶರಣೆ. ದಾಸೋಹದ ಕೈ ನೋಡಿ ಬಸವಣ್ಣನವರೇ ದಾನಮ್ಮ ಎಂದು ಕರೆದರು ಎಂದು ನಮ್ಮಲ್ಲಿ ಹೇಳುತ್ತಾರೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಾಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದೆಲ್ಲ ಜನ ನಡೆದು ಬರುತ್ತಾರೆ. ಆಯಿ ಪ್ರತಿ ವರ್ಷ ಬರಿಗಾಲಲ್ಲಿ ಹೋಗುತ್ತಿದ್ದಳು. ಎರಡನೆಯ ಖಾತೆ ಅಲಾಯಿ ದೇವರದು. ಅಪ್ಪನಿಗೆ ಸಣ್ಣಂದಿನಲ್ಲಿ ಜ್ವರ ಏರಿದಾಗ ಹೊತ್ತ ಹರಕೆಗಾಗಿ ಸಾಯುವವರೆಗೂ ಮೊಹರಮ್ಮಿಗೆ ಚೊಂಗೆ ಮಾಡಿ, ಊದು ಹಾಕಿಸಿಕೊಂಡು ಬಂದಳು. ಕೊರಳಲ್ಲಿ ಲಿಂಗ, ಕೈಯಲ್ಲಿ ಚೊಂಗೆಯ ಬುಟ್ಟಿ. ಇದರಲ್ಲಿ ಏನೋ ಕೂಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಹೇಳಿದವನ ಮೇಲೆ ಮರುಕಪಡುತ್ತಿದ್ದಳು.

ಹೇಳುವವನು ಮನೆಯಲ್ಲೇ ತಯಾರಾದ. ಅಪ್ಪ ಜಿಲ್ಲಾ ಪರಿಷತ್ತಿನ ಕನ್ನಡ ಸಾಲೆಯ ಮಾಸ್ತರ. ವಿಜ್ಞಾನದ ಪಾಠ ಮಾಡುತ್ತ ಮಾಡುತ್ತ ವಿಜ್ಞಾನವನ್ನು ನಿಜವಾಗಿಯೂ ನಂಬಿಬಿಟ್ಟ, ಮಾಸ್ತರರಲ್ಲಿ ಇದು ಅಪರೂಪ. 1980ರ ಫೆಬ್ರುವರಿ 16ರ ಸೂರ್ಯಗ್ರಹಣ ಅವನ ಪಾಲಿಗೆ ಹಬ್ಬ. ಖಗ್ರಾಸದ ಪಟ್ಟಿ ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಗಿತ್ತು. ನಮ್ಮಲ್ಲಿ ಪೂರ್ತಿ ಮುಚ್ಚದಿದ್ದರೂ ಬಹುಪಾಲು ಮುಚ್ಚಿತು. ಊರೆಲ್ಲ ಕದ ಹಾಕಿಕೊಂಡಿತ್ತು. ಅಪ್ಪ ನಾಲ್ಕು ಹುಡುಗರನ್ನು ಕೂಡಿಸಿಕೊಂಡು ಹುಣಸೆ ಮರದ ಕೆಳಗೆ ನಿಲ್ಲಿಸಿ, ‘ಮ್ಯಾಲೆ ನೋಡಬ್ಯಾಡ್ರಿ, ನೆಲ ನೋಡ್ರಿ’ ಅಂದ. ಎಲೆಗಳ ಸಂದಿಯಿಂದ ಬಿದ್ದಿದ್ದ ಬಿಸಿಲಿನ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ ಸಣ್ಣ ಸಣ್ಣ ಕುಡಗೋಲುಗಳಾಗಿದ್ದವು. ನೂರಾರು ಸೂರ್ಯರು ಧೂಳಿನಲ್ಲಿ ಬಿದ್ದಿದ್ದರು. ಸೂಜಿರಂಧ್ರದ ತತ್ವವನ್ನು ಅಪ್ಪ ವಿವರಿಸಿದ, ನಮಗೆ ತಿಳಿಯಲೂ ತಿಳಿಯಿತು. ಆದರೂ ಮೈ ಜುಮ್ಮೆಂದದ್ದು ನಿಲ್ಲಲಿಲ್ಲ.

ಮನೆಯೊಳಗೆ ಆಯಿ ಹಿತ್ತಾಳೆಯ ಪರಾತದಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದ್ದಳು. ಗ್ರಹಣ ಹಿಡಿದಾಗ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ. ಬಸುರಿ ಕಾಕಿಯನ್ನು ಕತ್ತಲ ಕೋಣೆಯಲ್ಲಿ ಕೂರಿಸಿದ್ದಳು. ಅಪ್ಪ ಒಳಗೆ ಬಂದವನೇ ಶರಣರ ಬುಡಕ್ಕೇ ಕೈ ಹಾಕಿದ.

‘ನಿನ್ನ ಕೊರಳಾಗ ಲಿಂಗ ಐತಿ. ಶರಣರು ಶಕುನ, ಮುಹೂರ್ತ ಯಾವ್ದೂ ಒಪ್ಪಲಿಲ್ಲ. ಲಿಂಗಕ್ಕ ಗ್ರಹಣ ಹಿಡೀತೈತೇನು?’

‘ಲಿಂಗಕ್ಕ ಹಿಡ್ಯಾಂಗಿಲ್ಲ. ಬಸಿರಿಗೆ ಹಿಡೀತೈತಿ.’

ಮರುದಿನ ಅಪ್ಪ ಅದೇ ಪರಾತ, ಅದೇ ನೀರು, ಅದೇ ಒನಕೆ ತಂದು ಅಂಗಳದ ನಡುವೆ, ಚೊಕ್ಕ ಬಿಸಿಲಿನಲ್ಲಿ ನಿಲ್ಲಿಸಿದ. ಒಂದೆರಡು ಸಲ ಜೋಲಿ ಹೊಡೆದು ನಿಂತಿತು. ತುದಿಗೆ ಕಬ್ಬಿಣದ ಬಳೆ ಇದೆ, ತಳ ಸಪಾಟಾಗಿದೆ, ತೂಕ ನಡುವಿನಲ್ಲಿ ಬಿದ್ದರೆ ಯಾವ ದಿನವಾದರೂ ನಿಲ್ಲುತ್ತದೆ ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದ. ಆಯಿ ಹೊರಗೆ ಬಂದು ನೋಡಿದಳು. ‘ಇವತ್ತ ನಿಂತಿದ್ದು ನೀ ನಿಲ್ಲಿಸಿದ್ದಕ್ಕ. ನಿನ್ನಿ ತಾನ ನಿಂತಿತ್ತು’ ಎಂದು ಒನಕೆ ಎತ್ತಿಕೊಂಡು ಹೋದಳು. ಅಕ್ಕಿ ಕುಟ್ಟುವುದಿತ್ತು.

ಅಪ್ಪನ ವಾದ ನೂರಕ್ಕೆ ನೂರು ಸರಿ. ಹಾಗಿದ್ದೂ ಅವನು ಆಯಿಯ ಎದುರು ಒಮ್ಮೆಯೂ ಗೆದ್ದದ್ದು ನಾನು ಕಾಣೆ. ಆ ದಿನಗಳಲ್ಲಿ ಅವನಿಗೆ ಸಿಕ್ಕ ಇನ್ನೊಬ್ಬ ಎದುರಾಳಿ ನಮ್ಮ ಬಾಜೂ ಹೊಲದ ಹಾಲುಮತದ ಮುದುಕ, ಮಾಡಗ್ಯಾಳ ಕುರಿ ಸಾಕಿದವನು. ಗಿಳಿಮೂಗಿನ ಆ ಟಗರುಗಳಿಗೆ ಈಗ ಮೋಟಾರಿನ ಬೆಲೆ. ಆಗ ಅವು ಬರೀ ಕುರಿಗಳು. ಪ್ರತಿ ದೀಪಾವಳಿಗೆ ಅವನು ಮಂಗಳವೇಢೆ ತಾಲ್ಲೂಕಿನ ಹುಲಜಂತಿಗೆ ಹೋಗುತ್ತಿದ್ದ. ಅಮಾವಾಸ್ಯೆಯ ರಾತ್ರಿ ಶಿವನೇ ಬಂದು ಮಹಾಲಿಂಗರಾಯನ ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುತ್ತಾನೆ. ಮರುದಿನ ಭಂಡಾರ ಮತ್ತು ಉಣ್ಣೆ ಹಾರಿಸುತ್ತ ಪಲ್ಲಕ್ಕಿಗಳ ಭೇಟಿ, ಆಮೇಲೆ ಮಳೆ-ಬೆಳೆಯ ಹೇಳಿಕೆ. ಒಂದು ವಾರ ಅವನ ಕಿವಿಯ ಸಂದಿಯಲ್ಲಿ ಅರಿಸಿನ ಹಾಗೇ ಇರುತ್ತಿತ್ತು.

‘ಮುಂಡಾಸ ಸುತ್ತೋದು ಕಣ್ಣಾರೆ ನೋಡೀಯೇನು?’ ಎಂದ ಅಪ್ಪ.

‘ನೋಡಾಕ ಹೋಗಬಾರ್ದ್ರಿ ಮಾಸ್ತರ. ಮುಂಜಾನೆ ನೋಡಿದ್ರ ಸುತ್ತಿರ್ತೈತಿ.’

‘ಯಾರೋ ಮನಷ್ಯಾನ ಸುತ್ತಿರಬೇಕು.’

‘ಸುತ್ತಿರಬೇಕ್ರಿ. ಶಿವ ಯಾರ ಕೈಲೆ ಸುತ್ತಸ್ತಾನೋ ಯಾರ ಬಲ್ರು?’

ಇಂಥ ಉತ್ತರವನ್ನು ಒಡೆಯುವ ಸಾಧನ ಅಪ್ಪನ ವಿಜ್ಞಾನದ ಪೆಟ್ಟಿಗೆಯಲ್ಲಿ ಇರಲಿಲ್ಲ. ಹೇಳಿಕೆಯಲ್ಲಿ ಮಳೆ ಇದೆ ಎಂದರೂ ಆ ಮುದುಕ ಕುರಿ ಹೊಡೆದುಕೊಂಡು ಭೀಮಾ ನದಿಯ ಕಡೆ ಹೋಗುವುದನ್ನು ನಿಲ್ಲಿಸಿದವನಲ್ಲ. ಹೇಳಿಕೆ ಕೇಳುವುದು ಬೇರೆ, ಹಿಂಡಿಗೆ ಮೇವು ಹುಡುಕುವುದು ಬೇರೆ. ಇದು ಮೋಸವೂ ಅಲ್ಲ, ಗೊಂದಲವೂ ಅಲ್ಲ.

ಸಾಂಗಲಿಯಲ್ಲಿ ಓದುವಾಗ ಲೈಬ್ರರಿಯಲ್ಲಿ ಗುರುದೇವ ರಾನಡೆಯವರ ಪುಸ್ತಕ ಕೈಗೆ ಬಂತು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದವರು; ಹೈಸ್ಕೂಲು ಹುಡುಗನಾಗಿದ್ದಾಗಲೇ, 1901ರಲ್ಲಿ, ನಮ್ಮ ಭಾವೂಸಾಹೇಬ ಮಹಾರಾಜರಿಂದ ನಾಮ ಪಡೆದವರು. ಪುಣೆಯ ಫರ್ಗ್ಯುಸನ್, ಸಾಂಗಲಿಯ ವಿಲಿಂಗ್ಡನ್ ಕಾಲೇಜು, ಆಮೇಲೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದರು. ಕೊನೆಗೆ ಬಂದು ಕೂತದ್ದು ಇಂಡಿ ತಾಲ್ಲೂಕಿನ ನಿಂಬಾಳದ ಬಯಲಿನಲ್ಲಿ, 1957ರಲ್ಲಿ ಅಲ್ಲೇ ತೀರಿಕೊಂಡರು. ಉಪನಿಷತ್ತುಗಳ ಮೇಲೆ 1926ರಲ್ಲಿ ಅವರು ಬರೆದ ಪುಸ್ತಕದಲ್ಲಿ ಯಾಜ್ಞವಲ್ಕ್ಯನ ಬದಿಗೆ ಗ್ರೀಕರು, ಜರ್ಮನರು ಬಂದು ನಿಲ್ಲುತ್ತಾರೆ. ಓದುತ್ತ ಓದುತ್ತ ನನಗೆ ಕಾಣುತ್ತಿದ್ದುದು ಮುತ್ಯಾನ ನಾಲ್ಕು ಮಡಿಕೆಯ ಕಂಬಳಿ. ಇಷ್ಟು ಓದಿದವರೂ ಕೊನೆಗೆ ಮಾಡಿದ್ದು ಅದನ್ನೇ: ಬೆಳಗಿನ ಜಾವ ಕೂತರು. ಸಾಕ್ಷಾತ್ಕಾರವನ್ನು ವಾದದಿಂದ ಸಾಬೀತುಪಡಿಸಬಹುದು ಎಂದು ರಾನಡೆಯವರಿಗೆ ಅನಿಸಿರಲಿಲ್ಲ, ಅದಕ್ಕಾಗಿ ವಾದ ಬಿಡಬೇಕು ಎಂದೂ ಅನಿಸಿರಲಿಲ್ಲ. ಆ ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡವರನ್ನು ನಾನು ಅವರ ಪುಟಗಳಲ್ಲಿ ಬಿಟ್ಟರೆ ಬೇರೆ ಕಡೆ ಹೆಚ್ಚು ಕಂಡಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಇಬ್ಬರು ಬೇಕಾಗಿತ್ತು.

ಮುತ್ಯಾ 1986ರಲ್ಲಿ ಹೋದ. ಅಪ್ಪ ನಿವೃತ್ತನಾದ ಮೇಲೆ ಪ್ರಾವಿಡೆಂಟ್ ಫಂಡಿನ ರೊಕ್ಕ ತಂದು ಹೊಲದಲ್ಲಿ ದಾಳಿಂಬೆ ಹಾಕುತ್ತೇನೆ ಎಂದು ಹೊರಟ. ದಾಳಿಂಬೆಗೆ ನೀರು, ನೀರಿಗೆ ಬೋರು. ಆಗ ನಡೆದದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ: ಒನಕೆಯ ಗುಟ್ಟು ಒಡೆದ ನಮ್ಮಪ್ಪ ತೆಂಗಿನಕಾಯಿಯಿಂದ ನೀರು ನೋಡುವವನನ್ನು ಕರೆಸಿದ.

ಬಂದವನು ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಚಪ್ಪಲಿ ಬಿಟ್ಟು, ಸಿಪ್ಪೆ ಸುಲಿದು ಜುಟ್ಟು ಉಳಿಸಿದ ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಹೊಲದ ಒಂದು ತುದಿಯಿಂದ ನಡೆಯತೊಡಗಿದ. ಬದುವಿನ ಹತ್ತಿರ ಬಂದಾಗ ಮಣಿಕಟ್ಟಿನ ನರ ಸಣ್ಣಗೆ ಅದುರಿತು, ಕಾಯಿ ಮೆಲ್ಲಗೆ ಏಳುತ್ತ ಏಳುತ್ತ ಜುಟ್ಟು ಮೇಲೆ ಮಾಡಿ ನಿಂತಿತು. ಹಿಂದಕ್ಕೆ ಹೋದ, ಮಲಗಿತು. ಮುಂದಕ್ಕೆ ಬಂದ, ಎದ್ದಿತು. ಅವನ ಮುಖ ನೋಡಿದೆ. ಅವನಿಗೂ ಆಶ್ಚರ್ಯವಾದ ಹಾಗಿತ್ತು. ಅವನು ನಟಿಸುತ್ತಿರಲಿಲ್ಲ ಎಂದೇ ನನಗೆ ಇವತ್ತಿಗೂ ಅನಿಸುತ್ತದೆ. ತನ್ನ ಕೈ ಮಾಡುವುದು ತನಗೇ ತಿಳಿಯದಿರುವುದು ಮನುಷ್ಯರಿಗೆ ಅಪರೂಪವಲ್ಲ. ಜರ್ಮನಿಯ ಮ್ಯೂನಿಕ್ ಬಳಿ 1987-88ರಲ್ಲಿ ಇಂಥ ನೀರು ನೋಡುವವರನ್ನು ಒಂದು ಅಟ್ಟದ ಮೇಲೆ ನಡೆಸಿ, ಕೆಳಗೆ ನೀರಿನ ಕೊಳವೆ ಅತ್ತಿತ್ತ ಸರಿಸಿ ಪರೀಕ್ಷೆ ಮಾಡಿದರು. ನಡೆಸಿದವರು ಕೆಲವರಿಗೆ ಆ ಶಕ್ತಿ ಇದೆ ಎಂದರು. ಅದೇ ಅಂಕಿಗಳನ್ನು ಮತ್ತೊಮ್ಮೆ ಜಾಲಿಸಿದ ಅಮೆರಿಕದ ಜಿಮ್ ಎನ್‌ರೈಟ್, ಅದು ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ಏನೂ ಹೆಚ್ಚಿಲ್ಲ ಎಂದು ತೋರಿಸಿದರು. ಎಲ್ಲ ಕಡೆಯೂ ಕಥೆ ಒಂದೇ.

ಅಪ್ಪನನ್ನು ಬದಿಗೆ ಕರೆದು ಕೇಳಿದೆ. ‘ಇದೇನ್ರಿ ಅಪ್ಪಾ, ನೀವು?’

‘ಅವನಿಗೆ ಕೊಡೋದು ನೂರು ರೂಪಾಯಿ, ಒಂದು ಕಾಯಿ. ಬೋರಿಗೆ ಹೋಗೋದು ಐವತ್ತು ಸಾವಿರ. ಕಾಯಿ ತೋರಸದ ಹೊಡಿಸಿ ಫೇಲಾತು ಅಂತಿಟ್ಕೊ, ನಿಮ್ಮವ್ವ, ನಿಮ್ಮ ಆಯಿ ಇಬ್ರೂ ನಾ ಸಾಯೋ ತನಕ ಬಿಡಂಗಿಲ್ಲ. ಕಾಯಿ ತೋರಿಸಿ ಫೇಲಾದ್ರ ಬೈಸ್ಕೊಳ್ಳಾಂವ ಅಂವಾ.’

ತಮಿಳುನಾಡಿನ ತಿರುಚೆಂಗೋಡಿನ ರಿಗ್ ಗಾಡಿ ಬಂತು. ಹುಡುಗರು ಗಾಲಿಗೆ ನಿಂಬೆಹಣ್ಣು ಇಟ್ಟು, ಊದುಬತ್ತಿ ಹಚ್ಚಿ, ತಮ್ಮ ದೇವರನ್ನು ತಮ್ಮ ಭಾಷೆಯಲ್ಲಿ ಕರೆದರು. ಆಯಿ, ತೊಂಬತ್ತರ ಹತ್ತಿರದವಳು, ಕೋಲೂರಿಕೊಂಡು ಬಂದು ದಾನಮ್ಮನ ಹೆಸರಿನಲ್ಲಿ ವಿಭೂತಿ ಎರಚಿದಳು. ಅಪ್ಪ ಪುಸ್ತಕ ಹಿಡಿದು ನಿಂತ, ಯಾವ ಅಡಿಗೆ ಯಾವ ಕಲ್ಲು ಎಂದು ಬರೆದುಕೊಳ್ಳಲು. ರಾಡಿನ ಮೇಲೆ ರಾಡು ಇಳಿಯಿತು. ಬೂದು ಧೂಳು, ಕರಿ ಧೂಳು, ಮತ್ತೆ ಬೂದು. ಒಮ್ಮೆ ಇಟ್ಟಂಗಿಯಂಥ ಕೆಂಪು ಪುಡಿ ಹಾರಿತು. ‘ನೋಡು, ಒಂದು ಲಾವಾ ಹರಿದು ಆರಿ, ಅದರ ಮ್ಯಾಲೆ ಮಣ್ಣಾಗಿ, ಮತ್ತ ಇನ್ನೊಂದು ಲಾವಾ ಬಂದೈತಿ. ಆರೂವರೆ ಕೋಟಿ ವರ್ಷದ ಹಿಂದಿನ ಮಣ್ಣು ಇದು’ ಎಂದು ಕೂಗಿದ ಅಪ್ಪ. ಅವನ ಬಿಳಿ ಧೋತರ ಕೆಂಪಾಗಿತ್ತು. ನೀರಿನ ಚಿಂತೆ ಆ ಗಳಿಗೆಯಲ್ಲಿ ಅವನಿಗೆ ಇರಲೇ ಇಲ್ಲ. ಮುತ್ಯಾ ನೇಮದಿಂದ ಎದ್ದಾಗ ಇರುತ್ತಿದ್ದ ಮುಖ ಅದು.

ಒಂದೂವರೆ ಇಂಚು ನೀರು ಬಿತ್ತು. ಕಾಯಿಯವನು ಬಂದು ಟಾವೆಲ್ ಹೊದಿಸಿಕೊಂಡು ಹೋದ. ಅಪ್ಪ ಕೆಂಪು ಪದರದ ಬುಡದ ಸಂದಿನ ಲೆಕ್ಕ ಹೇಳಿದ. ಆಯಿ ಗುಡ್ಡಾಪುರಕ್ಕೆ ಬಸ್ಸಿನಲ್ಲಿ ಹೋಗಿ ಉಡಿ ತುಂಬಿ ಬಂದಳು. ಕೆಲವು ವರ್ಷ ದಾಳಿಂಬೆ ಚೆನ್ನಾಗಿ ಬಂತು, ಆಮೇಲೆ ಬೋರು ಬತ್ತಿತು. ಆಗ ಯಾರೂ ಕಾಯಿಯನ್ನು ಬೈಯಲಿಲ್ಲ, ಕಲ್ಲನ್ನು ಬೈಯಲಿಲ್ಲ, ದಾನಮ್ಮನನ್ನಂತೂ ಬೈಯುವ ಮಾತೇ ಇಲ್ಲ. ಬೈಗುಳವೆಲ್ಲ ಸುತ್ತ ಹೊಲದವರಿಗೆ, ಅವರು ಹೊಡೆಸಿದ ಬೋರುಗಳಿಗೆ. ಬಂದ ನೀರನ್ನು ದೇವರಿಗೂ ಶಾಸ್ತ್ರಕ್ಕೂ ಹಂಚುವುದು, ಹೋದ ನೀರನ್ನು ಮಗ್ಗುಲ ಹೊಲದವನ ಹೆಸರಿಗೆ ಬರೆಯುವುದು, ಇದರಲ್ಲಿ ಮಾತ್ರ ನಮ್ಮ ಮನೆಯ ಆಸ್ತಿಕ-ನಾಸ್ತಿಕರೆಲ್ಲ ಒಂದೇ ಮತದವರು. ಮೇಲಾಗಿ ಈ ಕೊನೆಯ ಲೆಕ್ಕ ಸುಳ್ಳೂ ಅಲ್ಲ. ಕಲ್ಲಿನ ಸಂದಿನ ನೀರು ಎಲ್ಲರದೂ ಒಂದೇ, ಆಳಕ್ಕೆ ಹೋದವನು ಎಳೆದುಕೊಳ್ಳುತ್ತಾನೆ.

ನರೇಂದ್ರ ದಾಭೋಳಕರರು 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಸಭೆಗಳಿಗೆ ಅಪ್ಪ ಸಾಂಗಲಿಗೆ ಬಂದಾಗಲೆಲ್ಲ ಹೋಗುತ್ತಿದ್ದ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಎರಡು ವರ್ಷದ ಮೇಲೆ, ಆಗಸ್ಟ್ 30ಕ್ಕೆ, ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿ. ಅವರು ಸಿಂದಗಿ ತಾಲ್ಲೂಕಿನ ಯರಗಲ್ಲಿನವರು, ನಮ್ಮ ಮಗ್ಗುಲಿನವರು. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಅಂದ, ‘ನಿಮ್ಮ ಆಯಿ ಸಂಗಾಟ ನಾ ನಲವತ್ತು ವರ್ಷ ಜಗಳಾಡೀನಿ. ಆಕಿ ನನಗ ಒಂದಿನ ರೊಟ್ಟಿ ಕಡಿಮಿ ಹಾಕಲಿಲ್ಲ.’ ಬಂದೂಕು ಹಿಡಿದವರಿಗೆ ದೇವರ ಮೇಲೆ ಆಯಿಗಿದ್ದಷ್ಟು ಭರವಸೆ ಇರಲಿಲ್ಲ ಎಂಬುದು ನನ್ನ ಎಣಿಕೆ. ಇದ್ದಿದ್ದರೆ ದೇವರ ಪರವಾಗಿ ಗುಂಡು ಹಾರಿಸುವ ಗಾಬರಿ ಯಾಕೆ?

2023ರ ಜನವರಿ 2ರಂದು ವಿಜಾಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಹೋದರು. ನಮ್ಮೂರಿನಿಂದ ಸಿಕ್ಕ ಗಾಡಿ ಹತ್ತಿ ಜನ ಹೋದರು. ಯಾವ ಸ್ವಾಮಿಗೂ ಅಡ್ಡಬೀಳದ ಅಪ್ಪ ಎಂಬತ್ತೈದರ ವಯಸ್ಸಿನಲ್ಲಿ ರಾತ್ರಿಯೆಲ್ಲ ಟೀವಿ ಮುಂದೆ ಕೂತ. ಸಮಾಧಿ ಬೇಡ, ಸ್ಮಾರಕ ಬೇಡ, ದೇಹವನ್ನು ಬೆಂಕಿಗೆ ಕೊಡಿ ಎಂದು ಅವರು ಮೊದಲೇ ಬರೆದಿಟ್ಟಿದ್ದರು ಎಂದು ಕೇಳಿ ಅಪ್ಪನ ಕಣ್ಣಲ್ಲಿ ನೀರು ಬಂತು. ‘ಇಂವ ನಮ್ಮ ಪೈಕಿ’ ಅಂದ. ಮುತ್ಯಾ ಇದ್ದಿದ್ದರೆ ಅವನೂ ಅದನ್ನೇ ಅನ್ನುತ್ತಿದ್ದ, ಬೇರೆ ಕಾರಣಕ್ಕೆ.

ಸರಕಾರದ ಮೇಲಿನ ನಂಬಿಕೆಯೂ ನಮ್ಮಲ್ಲಿ ಒಂದು ಪಂಥ. ಕೃಷ್ಣೆಯ ನೀರನ್ನು ಮಿರಜ ಹತ್ತಿರ ಎತ್ತಿ ತರುವ ಮ್ಹೈಸಾಳ ಯೋಜನೆಗಾಗಿ ಕಾದು ಕಾದು, ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಗಡಿ ಹಳ್ಳಿಗಳು ಠರಾವು ಮಾಡಿದ್ದವು. 2022ರ ನವೆಂಬರಿನಲ್ಲಿ ಆ ಠರಾವಿನ ಮಾತು ಬೆಂಗಳೂರಿನಿಂದ ಎದ್ದಾಗ ಟೀವಿಯವರು ಓಣಿಯಲ್ಲಿ ಮೈಕು ಹಿಡಿದು ‘ನೀವು ಯಾವ ರಾಜ್ಯದವರು?’ ಎಂದು ಕೇಳಿದರು. ‘ಯಾರು ನೀರು ಬಿಡ್ತಾರೋ ಅವರ ರಾಜ್ಯದವರು’ ಎಂದನಂತೆ ನಮ್ಮ ಓಣಿಯ ಹುಡುಗ. ಮನೆದೇವರ ಪ್ರಶ್ನೆಗೆ ಇಷ್ಟು ಖಡಕ್ ಉತ್ತರ ಅವನೂ ಕೊಡಲಾರ.

ನನ್ನದೇನು? ರೂಮ್‌ಮೇಟಿಗೆ ಈಗ ಸಿಕ್ಕರೆ ಹೇಳಬಹುದಾದದ್ದು ಸ್ವಲ್ಪವೇ. ನಿವೃತ್ತನಾದ ಮೇಲೆ ಬೆಳಿಗ್ಗೆ ಬೇಗ ಎಚ್ಚರವಾಗುತ್ತದೆ, ಗೋಡೆಗೆ ಮುಖ ಮಾಡಿ ಕೂರುತ್ತೇನೆ. ನಾಮ ಯಾರೂ ಕೊಟ್ಟಿಲ್ಲ, ನಾನೂ ಕೇಳಲಿಲ್ಲ. ಮನಸ್ಸು ಬ್ಯಾಂಕಿನ ಹಳೆಯ ಲೆಡ್ಜರುಗಳಲ್ಲಿ ಅಲೆಯುತ್ತದೆ. ಸತ್ತ ಮೇಲೆ ಏನೂ ಉಳಿಯುವುದಿಲ್ಲ ಎಂದು ಅಪ್ಪನ ಹಾಗೆ ನನಗೂ ಅನಿಸುತ್ತದೆ. ಆದರೆ ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ರಸ್ತೆಯಲ್ಲಿ ನಡೆದು ಬರುವವರಿಗೆ ನೀರಿನ ಬಾಟಲಿ ಹಂಚಲು ಹೋಗುವುದನ್ನು ಬಿಟ್ಟಿಲ್ಲ. ಆಯಿ ಸುರಿದ ಚರಿಗೆಯ ಬಾಕಿ ನನ್ನ ಮೇಲಿದೆ ಎಂದು ಹೇಳಿಕೊಳ್ಳುತ್ತೇನೆ. ನಿಜವಾದ ಕಾರಣ ಅದೇನಾ, ಅಲ್ಲಿ ಊರವರೆಲ್ಲ ಸಿಗುತ್ತಾರೆಂಬ ಆಸೆಯಾ, ಬಿಡಿಸಿ ನೋಡಲು ಹೋಗಿಲ್ಲ.

ಹೋದ ತಿಂಗಳು ತಮ್ಮನ ಮಗ ಫೋನು ಮಾಡಿದ. ಹೊಸ ಬೋರು ಹೊಡೆಸಬೇಕು; ಮಷಿನ್ ತಂದವರು ಗ್ರಾಫ್ ತೆಗೆದು ಈಶಾನ್ಯ ಮೂಲೆ ತೋರಿಸಿದ್ದಾರೆ, ಕಾಯಿಯವನು ಬೇವಿನ ಗಿಡದ ಬುಡ ಅನ್ನುತ್ತಾನೆ. ‘ದೊಡ್ಡಪ್ಪಾ, ಯಾರ ಮಾತು ಕೇಳಲಿ?’

‘ಮಷಿನ್ ಹೇಳಿದಲ್ಲಿ ಹೊಡಸು.’

‘ಅಲ್ಲಿ ದ್ರಾಕ್ಷಿ ಐತ್ರಿ. ರಿಗ್ ಗಾಡಿ ತಿರುಗಂಗಿಲ್ಲ.’

‘ಹಂಗಾರ ಬೇವಿನ ಗಿಡದ ಬುಡಕ್ಕ.’

‘ಅಲ್ಲಿ ಮ್ಯಾಲೆ ಕರೆಂಟಿನ ತಂತಿ ಹಾದಾವ.’

ಗಾಡಿ ಎಲ್ಲಿ ನಿಲ್ಲಲು ಸಾಧ್ಯವೋ ಅಲ್ಲಿ, ದಾರಿಯ ಬದಿಗೆ ಹೊಡೆಸಿದರು. ಸಂಜೆ ಮತ್ತೆ ಫೋನು ಬಂತು, ಹಿಂದೆ ಕಂಪ್ರೆಸರಿನ ಸದ್ದು, ಹುಡುಗರ ಕೂಗು. ಎರಡು ಇಂಚು ನೀರು ಬಿದ್ದಿದೆ.

‘ದೊಡ್ಡಪ್ಪಾ, ಅವ್ವ ಗುಡ್ಡಾಪುರಕ್ಕ ಹೋಗೂಣು ಅನ್ನಾಕತ್ತಾಳ, ಕಾಯಿಯಾಂವ ಫೋನ್ ಮಾಡಿ ಇಪ್ಪತ್ತು ಫೂಟ್ ಅತ್ತಿತ್ತ ಆದ್ರೂ ಅದು ನಂದ ಸೆಲೆ ಅನ್ನಾಕತ್ತಾನ, ಮಷಿನ್ನಿನವ್ರು ಬಾಕಿ ಬಿಲ್ ಕೇಳಾಕತ್ತಾರ. ಯಾರಿಗೆ ಎಷ್ಟು ಕೊಡ್ಲಿ ಹೇಳ್ರಿ?’